ಉಜ್ಜಪ್ಪನ ಇರುವೆ, ನನ್ನ ಇರುವೆ

ಉಜ್ಜಪ್ಪ ನನಗಿಂತ ಅರ್ಧ ಗಂಟೆ ಚಿಕ್ಕವನು. ನಾವಿಬ್ಬರೂ ಬೇರೆ ಬೇರೆ ದಾರಿ ಹಿಡಿದದ್ದಕ್ಕೆ ಈ ಅರ್ಧ ಗಂಟೆಗಿಂತ ದೊಡ್ಡ ಕಾರಣ ಏನಿತ್ತೋ, ನನಗಿನ್ನೂ ಸಿಕ್ಕಿಲ್ಲ. ಇಷ್ಟು ಒಪ್ಪಿಕೊಳ್ಳುವುದಕ್ಕೇ ನನಗೆ ನಲವತ್ತಾರು ವರ್ಷ ತುಂಬಬೇಕಾಯಿತು. ಅಲ್ಲಿಯವರೆಗೆ ಹಾಲಪ್ಪನೆಂಬ ನಾನು ಗಟ್ಟಿ ಮನುಷ್ಯ, ನನ್ನ ತಮ್ಮ ಉಜ್ಜಪ್ಪ ಸಡಿಲ ಮನುಷ್ಯ ಎಂದು ನಂಬಿದ್ದೆ. ಊರೂ ಹಾಗೇ ನಂಬಿತ್ತು.

ನಮ್ಮದು ನೂಲಿಗೆ ಬಣ್ಣ ಹಾಕುವವರ ಊರು. ಕೆಳಗಿನ ಪೇಟೆಯಲ್ಲಿ ಬಣ್ಣದ ಹಂಡೆಗಳು, ಮೇಲಿನ ಪೇಟೆಯಲ್ಲಿ ಅಂಗಡಿ, ಗಿರಣಿಗಳು, ನಡುವೆ ಅರವತ್ತು ಕಲ್ಲಿನ ಮೆಟ್ಟಿಲು. ಕುಡಿತ ರಕ್ತದಲ್ಲೇ ಇಳಿದು ಬಂದ ಗಂಡಸರ ಹಿಂದೆ ನಮ್ಮೂರಿನಲ್ಲಿ ಇರುವೆ ಬರುತ್ತವೆ. ಸಣ್ಣ ಕಪ್ಪಿರುವೆ, ಕಚ್ಚುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮಂಚದ ಕಾಲು ಹತ್ತುತ್ತವೆ, ಬಿಟ್ಟ ಚಪ್ಪಲಿಯ ಮೇಲೆ ಸಾಲು ಕಟ್ಟುತ್ತವೆ. ಮೈಗೆ ಎಷ್ಟು ಸೋಪು ಹಚ್ಚಿ ಉಜ್ಜಿದರೂ ಪ್ರಯೋಜನವಿಲ್ಲ. ಅವನು ಕುಡಿಯುತ್ತಾನೋ ಇಲ್ಲವೋ ಎಂಬುದು ಅವಕ್ಕೆ ಬೇಕಾಗಿಲ್ಲ. ಒಂದು ತೊಟ್ಟೂ ಮುಟ್ಟದ ಹುಡುಗನಿಗೂ ಬರುತ್ತವೆ. ಹದಿನೇಳು ಹದಿನೆಂಟಕ್ಕೆ ಶುರುವಾಗಿ, ಇಪ್ಪತ್ತೈದರ ಆಸುಪಾಸಿನಲ್ಲಿ ಹಗ್ಗದಷ್ಟು ದಪ್ಪನೆಯ ಸಾಲಾಗಿ, ಆಮೇಲೆ ವರ್ಷ ಕಳೆದಂತೆ ತೆಳ್ಳಗಾಗುತ್ತವೆ. ಕೆಲವರನ್ನು ಸಾಯುವವರೆಗೂ ಬಿಡುವುದಿಲ್ಲ.

ಊರು ಇದಕ್ಕೆ ಹೊಂದಿಕೊಂಡಿತ್ತು. ಮದುವೆ ಮನೆಯಲ್ಲಿ ಇರುವೆ ಗಂಡಸರ ಪಂಕ್ತಿ ಕೊನೆಗೆ, ಸುತ್ತ ಬೂದಿಯ ಗೆರೆ. ಮಿಠಾಯಿ ಅಂಗಡಿಯವರು ಅವರನ್ನು ಒಳಗೆ ಕೂರಿಸುತ್ತಿರಲಿಲ್ಲ, ಪೊಟ್ಟಣ ಕಟ್ಟಿ ಬೀದಿಗೇ ತಂದು ಕೊಡುತ್ತಿದ್ದರು. ಹೆಣ್ಣು ಕೊಡುವವರು ಹುಡುಗನ ಜಾತಕಕ್ಕಿಂತ ಮೊದಲು ಚಪ್ಪಲಿ ನೋಡುತ್ತಿದ್ದರು. ಸಾರಾಯಿ ಅಂಗಡಿಯಲ್ಲಿ ಇರುವೆಯವರನ್ನು ಕೂರಿಸಿ ಕೊಡಬಾರದು ಎಂಬ ಕಟ್ಟಳೆಯಿತ್ತು. ಆದ್ದರಿಂದ ಹಿಂದಿನ ಕಿಟಕಿಯಲ್ಲಿ ಕೊಡುತ್ತಿದ್ದರು. ಇರುವೆಯೇ ಬರದ ಗಂಡಸರೂ ಕುಡಿದು ಹಾಳಾದದ್ದುಂಟು. ಅಂಥವರನ್ನು ಊರು ಬರೀ ಕೆಟ್ಟವನು ಎಂದು ಬೈದು ಸುಮ್ಮನಾಗುತ್ತಿತ್ತು. ನಮ್ಮಂಥವರ ವಿಷಯದಲ್ಲಿ ಮಾತ್ರ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರನ್ನೂ ಎಳೆದು ತರುತ್ತಿತ್ತು.

ನಮ್ಮಪ್ಪ ಕುಡಿದೇ ಸತ್ತ. ಆಗ ನಮಗೆ ಹದಿನಾಲ್ಕು. ಮೂರು ವರ್ಷ ಬಿಟ್ಟು ಒಂದು ಬೆಳಿಗ್ಗೆ ಅವ್ವ ನಮ್ಮನ್ನು ಎಬ್ಬಿಸಲು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಹೊಸ್ತಿಲು ದಾಟಿ ಬಂದ ಒಂದು ಸಾಲು ಕೋಣೆಯ ನಡುವೆ ಎರಡಾಗಿ ಒಡೆದು, ಒಂದು ನನ್ನ ಮಂಚಕ್ಕೆ, ಇನ್ನೊಂದು ಉಜ್ಜಪ್ಪನ ಮಂಚಕ್ಕೆ ಹತ್ತುತ್ತಿತ್ತು. ಅವ್ವ ಅಳಲಿಲ್ಲ. ಅಡುಗೆ ಮನೆಗೆ ಹೋಗಿ ಎಂಟು ಬಟ್ಟಲು ತಂದು, ಮಂಚದ ಕಾಲುಗಳಿಗೆ ಇಟ್ಟು, ನೀರು ಹುಯ್ದಳು. "ಏಳ್ರಪ್ಪ, ಹಂಡೆಗೆ ಉರಿ ಹಾಕ್ಬೇಕು," ಎಂದಳು ಅಷ್ಟೆ.

ಹತ್ತೊಂಬತ್ತಕ್ಕೆ ನಾವಿಬ್ಬರೂ ಹಿಂದಿನ ಕಿಟಕಿಗೆ ಹೋದೆವು. ಯಾರು ಮೊದಲು ಕರೆದರು ಎಂದು ಕೇಳಿದರೆ ನನಗೆ ನೆನಪಿಲ್ಲ ಎನ್ನುತ್ತಿದ್ದೆ. ನೆನಪಿದೆ. ಕರೆದವನು ನಾನು. ಮೊದಲ ಗುಟುಕಿಗೆ ಬೇರೆಯವರ ಮುಖ ಕಿವುಚಿದಂತೆ ನಮ್ಮ ಮುಖ ಕಿವುಚಲಿಲ್ಲ. ಬಹಳ ದಿನದಿಂದ ಪರಿಚಯವಿದ್ದ ಮನೆಗೆ ಹೋದಂತಿತ್ತು. ಉಜ್ಜಪ್ಪ ನನ್ನ ಕಡೆ ತಿರುಗಿ ನಕ್ಕ, ನಾನೂ ನಕ್ಕೆ. ಅಲ್ಲಿಂದ ಐದು ವರ್ಷ ಇಬ್ಬರೂ ಸರಿಸಮನಾಗಿ ಕುಡಿದೆವು. ಒಂದು ದಿನ ಅವನು ಹೆಚ್ಚು, ಒಂದು ದಿನ ನಾನು ಹೆಚ್ಚು. ಹಗಲು ಕೆಲಸ ಮಾತ್ರ ಅವನದೇ ಚಂದ. ನೀಲಿ ಹಂಡೆಯ ಮೇಲೆ ಬಗ್ಗಿ ಮೂಸಿದರೆ ಸಾಕು, ಬಣ್ಣ ಹದಕ್ಕೆ ಬಂತೋ ಇಲ್ಲವೋ ಹೇಳುತ್ತಿದ್ದ. ನೂಲಿನ ಲಡಿಯನ್ನು ಕೋಲಿಗೆ ಹಾಕಿ ಅವನು ಅದ್ದಿ ತೆಗೆದರೆ ಒಂದೆಳೆಯೂ ಮಚ್ಚೆಯಾಗುತ್ತಿರಲಿಲ್ಲ. ನಾನು ಅದ್ದಿದ್ದನ್ನು ಅವನೇ ಮತ್ತೊಮ್ಮೆ ಅದ್ದಿ ಸರಿಮಾಡುತ್ತಿದ್ದ, ಯಾರಿಗೂ ಹೇಳುತ್ತಿರಲಿಲ್ಲ.

ನಮಗೆ ಇಪ್ಪತ್ನಾಲ್ಕು ನಡೆಯುವಾಗ ಒಂದು ಸಂಜೆ ಹಂಡೆಗೆ ಉರಿ ಹಾಕಿ ಇಬ್ಬರೂ ಕಿಟಕಿಗೆ ಹೋಗಿ ಬಂದು ಜಗಲಿಯ ಮೇಲೆ ಬಿದ್ದುಕೊಂಡೆವು. ಹಂಡೆ ಉಕ್ಕಿತು. ನೂಲು ಹಾಳಾಗುತ್ತದೆಂದು ಅವ್ವ ಒಬ್ಬಳೇ ಕೋಲು ಎತ್ತಲು ಹೋದಾಗ ಕುದಿಯುವ ನೀರು ಅವಳ ಬಲಗೈ ಮೇಲೆ ಮೊಣಕೈವರೆಗೂ ಸುರಿಯಿತು. ಅವಳ ಕೂಗಿಗೆ ಪಕ್ಕದ ಮನೆಯವರು ಬಂದರು. ನಾವು ಏಳಲಿಲ್ಲ. ಎದ್ದಾಗ ಅವಳ ಕೈಗೆ ಬಾಳೆ ಎಲೆ ಸುತ್ತಿತ್ತು, ಅವಳು ಎಡಗೈಯಲ್ಲಿ ನಮಗೆ ಮುದ್ದೆ ಕಟ್ಟಲು ಒದ್ದಾಡುತ್ತಿದ್ದಳು.

"ಇಷ್ಟು ಸಾಕು ಕಣಣ್ಣ," ಎಂದ ಉಜ್ಜಪ್ಪ. ಅವನ ಬಾಯಿಂದಲೇ ಆ ಮಾತು ಮೊದಲು ಬಂತು. ಊರಲ್ಲಿ ಇದನ್ನು ಯಾರೂ ನಂಬುವುದಿಲ್ಲ.

ಹಗಲು ಕಷ್ಟವಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿನಿಂದ ಕಿಟಕಿ ಮುಚ್ಚುವವರೆಗಿನ ಎರಡು ಮೂರು ಗಂಟೆ, ಅದೇ ನಮ್ಮನ್ನು ತಿನ್ನುತ್ತಿದ್ದದ್ದು. ಆ ಹೊತ್ತಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬಿಡಬಾರದು ಎಂದು ಮಾಡಿಕೊಂಡೆವು. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಕವಡೆ ಹಾಕಿ ಆಡುತ್ತ ಕೂರುತ್ತಿದ್ದೆವು. ಮೊದಲ ತಿಂಗಳು ಕೈ ನಡುಗಿ ಕವಡೆ ತಾನಾಗೇ ಬೀಳುತ್ತಿತ್ತು. ನನಗೆ ತಡೆಯಲಾಗದೆ ಏಳಲು ಹೋದರೆ ಅವನು ನನ್ನ ಪಂಚೆಯ ಚುಂಗು ಹಿಡಿದುಕೊಂಡು, "ನನ್ನ ಕಾಯಿ ಇನ್ನೂ ಹಣ್ಣಾಗಿಲ್ಲ, ಎಲ್ಲಿಗೆ ಹೋಗ್ತೀಯ?" ಎನ್ನುತ್ತಿದ್ದ. ಅವನು ಏಳಲು ಹೋದರೆ ನಾನು ಹಿಡಿಯುತ್ತಿದ್ದೆ. ಇರುವೆ ಮಾತ್ರ ದಿನಾ ಬರುತ್ತಿದ್ದವು, ಹಾಗೇ, ಹಗ್ಗದಷ್ಟು ದಪ್ಪ. ಹನ್ನೊಂದು ತಿಂಗಳು ಇಬ್ಬರೂ ಮುಟ್ಟಲಿಲ್ಲ.

ಆ ಹನ್ನೊಂದನೆಯ ತಿಂಗಳಲ್ಲಿ ಮೇಲಿನ ಪೇಟೆಯ ಹಿಟ್ಟಿನ ಗಿರಣಿಯ ಚನ್ನವೀರಪ್ಪ ನಮ್ಮ ಮನೆಗೆ ಬಂದರು. ಅವರಿಗೆ ಗಂಡುಮಕ್ಕಳಿರಲಿಲ್ಲ. ಒಬ್ಬಳೇ ಮಗಳು ಹೊನ್ನಮ್ಮ, ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಎಳೆಯುತ್ತಿದ್ದಳು. ಅದಕ್ಕೇ ಇರುವೆ ಮನೆಗೂ ಬಂದಿದ್ದರು. ಮನೆ ಅಳಿಯನಾಗಿ ಗಿರಣಿ ನೋಡಿಕೊಳ್ಳುವ ಹುಡುಗ ಬೇಕಿತ್ತು.

"ಇಬ್ಬರಲ್ಲಿ ಯಾರು ದೊಡ್ಡೋರು?" ಎಂದು ಕೇಳಿದರು.

ಅವ್ವ ನನ್ನನ್ನು ತೋರಿಸಿದಳು. ಅಷ್ಟೇ ನಡೆದದ್ದು. ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ, ಯಾರು ಮೊದಲು ಸಾಕೆಂದರು ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಹೊರಡುವಾಗ ನನ್ನ ಚಪ್ಪಲಿಯ ಕಡೆ ನೋಡಿ, "ಒಂದ್ ಮಾತು. ಎರಡು ಇರುವೆ ಗಂಡಸರು ಒಂದು ಕಡೆ ಕೂತರೆ ಸಾಲು ದಪ್ಪ ಆಗುತ್ತೆ, ನಿಮಗೂ ಗೊತ್ತಿರೋದೇ. ಮದುವೆ ಆದ್ಮೇಲೆ ನೀನು ಕೆಳಗೆ ಇಳಿಯೋದು ಬ್ಯಾಡ," ಎಂದರು. ಊರಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು. ಅದು ಸುಳ್ಳೆಂದು ಹನ್ನೊಂದು ತಿಂಗಳು ಕಣ್ಣಾರೆ ನೋಡಿದವರು ನಾವಿಬ್ಬರೇ. ನಾನು "ಆಗ್ಲಿ ಮಾವ" ಎಂದೆ.

ಹೊನ್ನಮ್ಮ ಒಳ್ಳೆಯವಳು. ಮದುವೆಯಾದ ಮರುದಿನವೇ ಸಕ್ಕರೆ ಬೆಲ್ಲದ ಡಬ್ಬಿಗಳನ್ನು ನೀರಿನ ತಟ್ಟೆಯಲ್ಲಿಟ್ಟು, "ಇನ್ನು ಅವೂ ಇರ್ಲಿ, ನಾವೂ ಇರೋಣ," ಎಂದವಳು. ಗಿರಣಿಯ ಬಾಗಿಲಿಗೆ ಮಾವ ಗೇಣಗಲದ ಕಾಲುವೆ ತೋಡಿಸಿ ಅರಿಶಿನದ ನೀರು ಬಿಟ್ಟಿದ್ದರು. ನಾನು ಅದರಲ್ಲಿ ಕಾಲದ್ದಿ ಒಳಗೆ ಹೋಗಬೇಕಿತ್ತು. ಗಿರಣಿ ಎಂಟು ಗಂಟೆಯವರೆಗೆ ಓಡುತ್ತಿತ್ತು. ಜೋಳ, ರಾಗಿ, ಗೋಧಿ, ಡಬ್ಬಿ ಹಿಡಿದು ನಿಂತ ಹೆಂಗಸರು, ಬೆಲ್ಟಿನ ಸದ್ದು, ಮೂಗು ಬಾಯಿಗೆಲ್ಲ ಹಿಟ್ಟು. ಸಂಜೆ ಎಂಬ ಹೊತ್ತು ಬಂದು ಹೋದದ್ದೇ ನನಗೆ ತಿಳಿಯುತ್ತಿರಲಿಲ್ಲ. ಮನೆಗೆ ಬಂದರೆ ಬಿಸಿ ರೊಟ್ಟಿ. ಬಾಯಾರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ನನ್ನನ್ನು ಹಿಡಿಯಲು ಬಂದಾಗಲೆಲ್ಲ ಯಾರೋ ಒಬ್ಬರು ಡಬ್ಬಿ ಮುಂದಿಟ್ಟು, "ಸಣ್ಣಗೆ ಬೀಸಪ್ಪ," ಎನ್ನುತ್ತಿದ್ದರು.

ಮೊದಲ ಕೆಲವು ವಾರ ಗಿರಣಿಗೆ ರಜೆಯಿದ್ದ ದಿನ ಮಾವನ ಕಣ್ಣು ತಪ್ಪಿಸಿ ಕೆಳಗಿಳಿದು ಹೋಗುತ್ತಿದ್ದೆ. ಉಜ್ಜಪ್ಪ ಜಗಲಿಯಲ್ಲಿ ಚೌಕಾಬಾರದ ಮನೆ ಬರೆದುಕೊಂಡು ಕಾಯುತ್ತಿರುತ್ತಿದ್ದ. ಆಮೇಲೆ ನಿಲ್ಲಿಸಿದೆ. ಮಾವನಿಗೆ ಹೆದರಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಅವನ ಮುಖ ನೋಡಿದರೆ ನನ್ನ ನಾಲಿಗೆ ಒಣಗುತ್ತಿತ್ತು. ಅದು ನನ್ನದೇ ಮುಖ. ಅದರಲ್ಲಿ ನನ್ನ ಐದು ವರ್ಷ ಹಾಗೇ ಕೂತಿತ್ತು. ಮೇಲಿನ ಪೇಟೆಯಲ್ಲಿ ನಾನು ಒಬ್ಬನೇ ಇದ್ದೆ. ನನ್ನಂಥ ಇನ್ನೊಬ್ಬ ಇಲ್ಲದಿರುವುದು ಎಷ್ಟು ಹಗುರ ಎಂದು ನನಗೆ ರುಚಿ ಹತ್ತಿತ್ತು.

ಅವನೇ ಹತ್ತಿ ಬಂದ. ಮೊದಲ ದಿನ ಗಿರಣಿಗೆ ಬಂದು ಬಾಗಿಲ ಹೊರಗೆ ನಿಂತು, "ಇವತ್ತು ಬರ್ತೀಯಾ?" ಎಂದ. "ಕೆಲಸ ಐತೆ ಕಣೋ," ಎಂದೆ. "ಆತು, ನಾಳೆ ಬರ್ತೀನಿ ತಗೋ," ಎಂದು ಹೋದ. ಎರಡನೆಯ ದಿನವೂ ಕೆಲಸ ಎಂದೆ. ಮೂರನೆಯ ದಿನ ಮನೆಯ ಹತ್ತಿರವೇ ಬಂದ. ಗಿರಣಿಗೆ ರಜೆ, ಮಾವ ಊರಲ್ಲಿರಲಿಲ್ಲ. ನಾನು ಒಳಗೆ ಊಟಕ್ಕೆ ಕೂತಿದ್ದೆ. ಬಾಗಿಲಲ್ಲಿ ಅವನ ದನಿ ಕೇಳಿದ ಕೂಡಲೇ ಹೊನ್ನಮ್ಮನಿಗೆ ಕೈಸನ್ನೆ ಮಾಡಿದೆ: ಇಲ್ಲ ಅನ್ನು.

ಅವಳು ಒಂದು ಗಳಿಗೆ ನನ್ನನ್ನೇ ನೋಡಿ, ಆಮೇಲೆ ಕಾಲೆಳೆಯುತ್ತ ಬಾಗಿಲಿಗೆ ಹೋದಳು.

"ಅವರು ಮನೇಲಿಲ್ಲ," ಎಂದಳು.

"ಎಲ್ಲಿಗೆ ಹೋಗ್ಯಾನೆ ಅತ್ತಿಗೆ?"

"ಗೊತ್ತಿಲ್ಲ."

ನನ್ನ ಚಪ್ಪಲಿ ಹೊಸ್ತಿಲ ಪಕ್ಕದಲ್ಲೇ ಇತ್ತು. ಅದರ ಮೇಲೆ ಕಪ್ಪಗೆ ಇರುವೆ. ಹೊರಗೆ ನಿಂತವನು ನೋಡದೆ ಇರುವುದು ಸಾಧ್ಯವಿರಲಿಲ್ಲ.

"ಆತು ಅತ್ತಿಗೆ," ಎಂದ ಉಜ್ಜಪ್ಪ. ಮೆಟ್ಟಿಲಿಳಿಯುವ ಸದ್ದು ಕೇಳಿತು. ನಾನು ರೊಟ್ಟಿ ಮುರಿದೆ.

ಆ ವಾರವೇ ಅವನು ಮತ್ತೆ ಕಿಟಕಿಗೆ ಹೋದನಂತೆ.

ಮುಂದಿನದು ಊರಿಗೆಲ್ಲ ಗೊತ್ತಿರುವ ಕಥೆ. ನಾನು ಕುಡಿಯದೆ ಉಳಿದೆ, ಅವನು ಕುಡಿದ. ನನಗೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಹೆಣ್ಣಿಗೆ ಇರುವೆ ಬರುವುದಿಲ್ಲವಾದ್ದರಿಂದ ಊರು ಅದನ್ನೂ ನನ್ನ ಪುಣ್ಯವೆಂದಿತು. ಉಜ್ಜಪ್ಪನಿಗೆ ಯಾರೂ ಹೆಣ್ಣು ಕೊಡಲಿಲ್ಲ. ಮೂವತ್ತರವರೆಗೆ ಅವನ ಕೈಯ ನೀಲಿಗೆ ದೂರದೂರದ ಮಗ್ಗದವರು ಬರುತ್ತಿದ್ದರು. ಆಮೇಲೆ ಲಡಿ ಮಚ್ಚೆಯಾಗತೊಡಗಿ ಒಬ್ಬೊಬ್ಬರೇ ನಿಂತರು. ಅವ್ವ ಇರುವವರೆಗೆ ಅವಳೇ ಹಂಡೆ ನೋಡಿಕೊಂಡಳು. ಅವಳು ಹಾಸಿಗೆ ಹಿಡಿದಾಗ ನಾನು ಹೋಗಿದ್ದೆ. ಸುಕ್ಕುಗಟ್ಟಿದ ಆ ಸುಟ್ಟ ಕೈಯಲ್ಲಿ ನನ್ನ ಕೈ ಹಿಡಿದು, "ಸಂಜೆ ಹೊತ್ತು ಅವನ ಹತ್ರ ಒಂದಿಷ್ಟು ಕೂತ್ಕೊಳೋ," ಎಂದಳು. "ಕೂತ್ಕೊಂತೀನಿ ಅವ್ವ," ಎಂದೆ. ಅವಳನ್ನು ಮಣ್ಣು ಮಾಡಿದ ಮೇಲೆ ಹದಿಮೂರು ದಿನ ಕೂತೆ. ಹದಿನಾಲ್ಕನೆಯ ದಿನ ಗಿರಣಿಯಲ್ಲಿ ಕೆಲಸವಿತ್ತು.

ನಮ್ಮೂರಿನಲ್ಲಿ ವರ್ಷಕ್ಕೊಮ್ಮೆ ಹೊಸದಾಗಿ ಇರುವೆ ಬಂದ ಹುಡುಗರನ್ನು ಶಾಲೆಯ ಅಂಗಳದಲ್ಲಿ ಕೂರಿಸಿ ಬುದ್ಧಿ ಹೇಳುವ ವಾಡಿಕೆ. ಮೂವತ್ತು ದಾಟಿದ ಮೇಲೆ ನನ್ನನ್ನು ಕರೆಯತೊಡಗಿದರು. ಒಂದೆರಡಲ್ಲ, ಹದಿನಾಲ್ಕು ವರ್ಷ ಮಾತಾಡಿದೆ. "ನನ್ನನ್ನು ನೋಡಿ. ನನಗೂ ಇರುವೆ ಬರುತ್ತೆ. ಮನಸ್ಸು ಗಟ್ಟಿ ಮಾಡಿದೆ, ಬಿಟ್ಟೆ," ಎನ್ನುತ್ತಿದ್ದೆ. ಹುಡುಗರು ತಲೆ ತಗ್ಗಿಸಿ ಕೇಳುತ್ತಿದ್ದರು. ಅವರ ತಾಯಂದಿರು ಬಂದು ನನಗೆ ಕೈ ಮುಗಿಯುತ್ತಿದ್ದರು. ಕೈ ಮುಗಿಸಿಕೊಳ್ಳುವುದೂ ಒಂದು ನಶೆ ಎಂದು ಈಗ ಅನ್ನಿಸುತ್ತದೆ.

ಒಂದು ಸಂತೆಯ ದಿನ ಉಜ್ಜಪ್ಪ ತೂರಾಡುತ್ತ ಬಂದು ಬಳೆ ಅಂಗಡಿಯವಳ ಬುಟ್ಟಿಯ ಮೇಲೆ ಬಿದ್ದು, ತುಟಿ ಒಡೆದುಕೊಂಡು ಕೆಸರಿಗೆ ಉರುಳಿದ. ಜನ ಸೇರಿದರು. ನನ್ನ ಮುಖವೇ ಕೆಸರಿನಲ್ಲಿ ಬಿದ್ದಿರುವುದನ್ನು ಎಲ್ಲರೂ ನೋಡುತ್ತಿದ್ದರು. ನನಗೆ ರೇಗಿಹೋಯಿತು. ಕಾಲರ್ ಹಿಡಿದು ಎಬ್ಬಿಸಿ, ಎಲ್ಲರಿಗೂ ಕೇಳುವಂತೆ ಕೂಗಿದೆ: "ಒಂದೇ ಹೊಟ್ಟೆ, ಒಂದೇ ರಕ್ತ! ನಾನು ಬಿಡಲಿಲ್ವೇನೋ? ನಿನಗ್ಯಾಕೆ ಆಗಲ್ಲ?"

ಅವನು ತುಟಿಯ ರಕ್ತ ಒರೆಸಿಕೊಂಡು ನನ್ನ ಮುಖವನ್ನೇ ನೋಡಿದ. ಕಣ್ಣಿನಲ್ಲಿ ಕುಡಿತ ಇರಲಿಲ್ಲ.

"ನೀನು ಬಿಟ್ಟಿದ್ದು ಎರಡು ಅಣ್ಣ," ಎಂದ. "ಒಂದು ಕುಡಿತ."

ಎರಡನೆಯದು ಏನೆಂದು ಹೇಳದೆ ಹೊರಟುಹೋದ. ಜನ ಕುಡುಕನ ಮಾತೆಂದು ನಕ್ಕರು. ನಾನೂ ನಕ್ಕೆ. ಅಲ್ಲಿಂದ ಏಳು ವರ್ಷ ನಾವು ಮಾತಾಡಲಿಲ್ಲ.

ನನಗೆ ನಲವತ್ತಾರು ಆದ ವರ್ಷ, ಯುಗಾದಿ ಕಳೆದು ಒಂದು ವಾರಕ್ಕೆ, ಬೆಳಿಗ್ಗೆ ಎದ್ದರೆ ಮಂಚದ ಹತ್ತಿರ ಇರುವೆ ಇಲ್ಲ. ಹೊಸ್ತಿಲಲ್ಲಿಲ್ಲ, ಚಪ್ಪಲಿಯಲ್ಲಿಲ್ಲ. ಒಂದೆರಡು ವರ್ಷದಿಂದ ತೆಳ್ಳಗಾಗಿ ದಾರದಂತಾಗಿದ್ದ ಸಾಲು ಅವತ್ತು ಪೂರ್ತಿ ನಿಂತಿತ್ತು. ಹತ್ತು ದಿನ ಕಾದೆ, ಬರಲಿಲ್ಲ. ಗಿರಣಿ ಬಾಗಿಲಿನ ಕಾಲುವೆಗೆ ನಾನೇ ಮಣ್ಣು ತುಂಬಿದೆ. ಆಮೇಲೆ ಹದಿನೇಳು ದಾಟಿದ ಮೇಲೆ ಮೊದಲ ಸಲ ಮಿಠಾಯಿ ಅಂಗಡಿಯ ಒಳಗೆ ಹೋಗಿ, ಬೆಂಚಿನ ಮೇಲೆ ಎಲ್ಲರ ನಡುವೆ ಕೂತು ಜಿಲೇಬಿ ತಿಂದೆ. ಅಂಗಡಿಯವನು ಎದ್ದು ಬಂದು ಕೈ ಕುಲುಕಿದ. "ಗೆದ್ದುಬಿಟ್ರಿ ಹಾಲಪ್ಪನೋರೆ," ಎಂದ. ನನಗೂ ಹಾಗೇ ಅನ್ನಿಸಿತು. ಇಪ್ಪತ್ತೆರಡು ವರ್ಷ ನಾನು ಮುಟ್ಟದೆ ಇದ್ದುದಕ್ಕೆ ಇರುವೆಗಳೇ ಸೋತು ಹೋಗಿವೆ.

ಇದನ್ನು ಉಜ್ಜಪ್ಪನಿಗೆ ಹೇಳಬೇಕೆನ್ನಿಸಿತು. ಒಳ್ಳೆಯ ಮನಸ್ಸಿನಿಂದ ಎಂದರೆ ಸುಳ್ಳಾಗುತ್ತದೆ. ಅವನೆದುರು ನಿಂತು, ನೋಡು, ನನ್ನ ಕಾಲು ನೋಡು ಎನ್ನಬೇಕಿತ್ತು. ಒಂದು ಪೊಟ್ಟಣ ಜಿಲೇಬಿ ಕಟ್ಟಿಸಿಕೊಂಡು ಅರವತ್ತು ಮೆಟ್ಟಿಲು ಇಳಿದೆ.

ಮಧ್ಯಾಹ್ನ. ಹಂಡೆಗಳು ಬೋರಲು ಬಿದ್ದಿದ್ದವು. ಉಜ್ಜಪ್ಪ ಒಳಗೆ ಅವ್ವನ ಮಂಚದ ಮೇಲೆ ಮಲಗಿದ್ದ. ಹೊಟ್ಟೆ ಊದಿತ್ತು, ಕೈಕಾಲು ಕಡ್ಡಿ, ಕಣ್ಣಿನ ಬಿಳಿ ಅರಿಶಿನ ಹಚ್ಚಿದಂತೆ. ಮಂಚದ ಕೆಳಗೆ ಉರುಳಿದ ಬಾಟಲಿ. ನನ್ನನ್ನು ಕಂಡು ಎದ್ದು ಕೂರಲು ನೋಡಿದ. ನಾನು ಪೊಟ್ಟಣ ಬಿಚ್ಚಿ ಅವನ ಪಕ್ಕದಲ್ಲಿಟ್ಟೆ. ಮಾತು ಹೇಗೆ ಶುರುಮಾಡುವುದೆಂದು ತಿಳಿಯದೆ ನೆಲ ನೋಡಿದೆ. ಆಗ ಕಂಡಿತು. ಮಂಚದ ಕಾಲಿನ ಬಟ್ಟಲುಗಳಲ್ಲಿ ನೀರಿರಲಿಲ್ಲ. ಒಣಗಿ, ಜೇಡ ಬಲೆ ಕಟ್ಟಿತ್ತು. ಅಷ್ಟು ಹೊತ್ತು ಬಿಚ್ಚಿಟ್ಟ ಜಿಲೇಬಿಗೆ ಒಂದು ಇರುವೆಯೂ ಬರಲಿಲ್ಲ.

"ಇರುವೆ ಎಲ್ಲೋ?" ಎಂದೆ.

"ಹೋದ್ವು."

"ಯಾವಾಗ?"

"ಹಬ್ಬ ಆಗಿ ಒಂದು ವಾರಕ್ಕೆ." ನನ್ನ ಕಾಲಿನ ಕಡೆ ನೋಡಿ, "ನಿಂದೂ ಹೋಗಿರ್ಬೇಕಲ್ಲ?" ಎಂದ.

ನನ್ನ ಮದುವೆಯಾದ ವರ್ಷದಿಂದ ಅವನು ಒಂದು ದಿನವೂ ಬಿಟ್ಟಿರಲಿಲ್ಲ, ನಾನು ಒಂದು ದಿನವೂ ಮುಟ್ಟಿರಲಿಲ್ಲ, ಇಬ್ಬರನ್ನೂ ಒಂದೇ ವಾರದಲ್ಲಿ ಬಿಟ್ಟು ಹೋಗಿದ್ದವು. ನನ್ನ ಗಟ್ಟಿ ಮನಸ್ಸು ಅವಕ್ಕೆ ಯಾವತ್ತೂ ಕಂಡೇ ಇರಲಿಲ್ಲ. ಹದಿನೇಳಕ್ಕೆ ಒಟ್ಟಿಗೆ ಬಂದವು, ನಲವತ್ತಾರಕ್ಕೆ ಒಟ್ಟಿಗೆ ಹೋದವು. ನಡುವೆ ನನಗೊಂದು ಗಿರಣಿ ಇತ್ತು, ಬಾಗಿಲು ತೆರೆಯುವ ಹೆಂಡತಿ ಇದ್ದಳು. ಅವನಿಗೆ ಖಾಲಿ ಜಗಲಿ. ಶಾಲೆಯ ಅಂಗಳದಲ್ಲಿ ಹದಿನಾಲ್ಕು ವರ್ಷ ನಾನು ಆಡಿದ ಮಾತೆಲ್ಲ ಒಂದೇ ಸಲ ಕಿವಿಗೆ ಬಿದ್ದಂತಾಗಿ ಅವನ ಕಾಲ ಬಳಿ ಕೂತುಬಿಟ್ಟೆ.

"ಮತ್ತೆ ಈಗ್ಲಾದ್ರೂ ಬಿಡಬಹುದಿತ್ತಲ್ಲೋ," ಎಂದೆ.

"ಇರುವೆ ಹೋದ್ವು ಕಣಣ್ಣ. ಕೈ ಹೋಗ್ಲಿಲ್ಲ," ಎಂದು ತನ್ನ ಬಲಗೈ ಎತ್ತಿ ತೋರಿಸಿದ. ಉಗುರ ಸಂದಿಯಲ್ಲಿ ಹಳೆಯ ನೀಲಿ ಇನ್ನೂ ಇತ್ತು. ಆ ಕೈ ತಾನಾಗೇ ಮಂಚದ ಕೆಳಗಿನ ಬಾಟಲಿಯ ಕಡೆ ಇಳಿಯಿತು.

ಅವತ್ತೇ ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಇಬ್ಬರು ಹಮಾಲರನ್ನು ಹಿಡಿದು ಮೆಟ್ಟಿಲು ಹತ್ತಿಸಿ ಮನೆಗೆ ತಂದೆ. ಹೊನ್ನಮ್ಮ ಏನೂ ಕೇಳದೆ ನಡುಮನೆಯಲ್ಲಿ ಹಾಸಿಗೆ ಹಾಸಿದಳು. ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದ. ಮೊದಲ ನಾಲ್ಕು ದಿನ ಮಂಚಕ್ಕೆ ಕಟ್ಟಬೇಕಾಯಿತು. ನನ್ನನ್ನು ಅಪ್ಪ ಎಂದುಕೊಂಡು ಬೈದ. ಡಾಕ್ಟರು ಹೊಟ್ಟೆಯಿಂದ ನೀರು ತೆಗೆದು, ಲಿವರ್ ಗಟ್ಟಿಯಾಗಿದೆ, ಹನಿ ಮುಟ್ಟದಿದ್ದರೆ ಒಂದೆರಡು ವರ್ಷ ತಳ್ಳಬಹುದು ಎಂದರು. ಅವನು ಮುಟ್ಟಲಿಲ್ಲ. ಹದಿನಾಲ್ಕು ತಿಂಗಳು ನಮ್ಮ ಮನೆಯಲ್ಲಿದ್ದ, ಒಂದು ಹನಿ ಮುಟ್ಟಲಿಲ್ಲ. ಅಷ್ಟು ಸುಲಭವಿತ್ತು ಎಂದಲ್ಲ. ಸಂಜೆಯಾದರೆ ಗೋಡೆಗೆ ತಲೆ ಒತ್ತಿ ಕೂರುತ್ತಿದ್ದ. ನಾನು ಗಿರಣಿಯನ್ನು ಐದಕ್ಕೇ ಮುಚ್ಚಿ ಬಂದು ಪಕ್ಕದಲ್ಲಿ ಕೂರುತ್ತಿದ್ದೆ. ಹೊನ್ನಮ್ಮ ಅವನಿಗೆ ಉಪ್ಪಿಲ್ಲದ ಅಡುಗೆ ಬೇರೆ ಮಾಡುತ್ತಿದ್ದಳು. ಅವನು ಪಲ್ಯ ಸೋಸಿಕೊಡುತ್ತ ಅವಳಿಗೆ ನಮ್ಮ ಚಿಕ್ಕಂದಿನ ಕಥೆ ಹೇಳುತ್ತಿದ್ದ. ಅವಳು ನಗುವುದು ಹಿತ್ತಲವರೆಗೂ ಕೇಳುತ್ತಿತ್ತು.

ಆ ವರ್ಷ ಶಾಲೆಯವರು ಕರೆದಾಗ ಹೋಗಲಿಲ್ಲ. ಮೈ ಸರಿಯಿಲ್ಲ ಎಂದೆ.

ಹೇಳಲೇಬೇಕಾದ ಮಾತೊಂದಿತ್ತು. ದಿನಾ ಇವತ್ತು ನಾಳೆ ಎಂದು ಮುಂದೂಡಿ, ಕೊನೆಗೆ ಒಂದು ಬೆಳಿಗ್ಗೆ ಹಿತ್ತಲಲ್ಲಿ ಅವನಿಗೆ ಗಡ್ಡ ಕೆರೆಯುವಾಗ ಬಾಯಿಬಿಟ್ಟೆ. ಅವನ ಕೈಗೆ ಕತ್ತಿ ಹಿಡಿಯಲಾಗುತ್ತಿರಲಿಲ್ಲ, ನಾನೇ ಕೆರೆಯುತ್ತಿದ್ದೆ.

"ಉಜ್ಜಿ, ಅವತ್ತು ನಾನು ಮನೇಲೇ ಇದ್ದೆ."

"ಚಪ್ಪಲಿ ನೋಡಿದ್ನಲ್ಲ," ಎಂದ.

"ನಾನು ಬಂದಿದ್ರೆ ನೀನು ಹಿಂಗಾಗ್ತಿರ್ಲಿಲ್ಲ. ನಿನ್ನನ್ನ ಹಾಳು ಮಾಡಿದೋನು ನಾನೇ."

ಅವನು ನನ್ನ ಮಣಿಕಟ್ಟು ಹಿಡಿದು ಕತ್ತಿ ದೂರ ಸರಿಸಿದ. ಮುಖಕ್ಕೆಲ್ಲ ಸೋಪಿನ ನೊರೆ. ಸಿಟ್ಟು ಬಂದಿತ್ತು.

"ನೋಡಣ್ಣ. ನೀನು ಬರ್ಲಿಲ್ಲ. ಅದು ತಪ್ಪು, ನಿನ್ನದೇ ತಪ್ಪು, ಇಟ್ಕೋ. ಆದರೆ ಆ ಮೆಟ್ಟಿಲಿಳಿದು ಮನೆಗೆ ಹೋಗದೆ ಕಿಟಕಿಗೆ ಹೋದೋನು ನಾನು. ನೀನು ಬಂದಿದ್ರೂ ಇನ್ನೊಂದು ವರ್ಷ ಬಿಟ್ಟು ಹೋಗ್ತಿದ್ನೋ ಏನೋ, ಯಾರಿಗ್ಗೊತ್ತು? ಅಪ್ಪಂದು ಅಂತೀರಿ, ಇರುವೆದು ಅಂತೀರಿ, ಈಗ ನೀನು ಬಂದು ನಂದು ಅಂತೀಯ. ಇಷ್ಟು ವರ್ಷ ಕುಡಿದೋನು ನಾನು. ಅದನ್ನಾದ್ರೂ ನನಗೆ ಬಿಡು."

ಕ್ಷಮಿಸು ಎನ್ನಬೇಕೆಂದಿದ್ದ ನಾನು ಕತ್ತಿಯ ನೊರೆ ಒರೆಸಿದೆ. ಅವನು ಮತ್ತೆ ಗದ್ದ ಎತ್ತಿ ಹಿಡಿದ. "ಕೆರಿ, ನೊರೆ ಒಣಗ್ತೈತೆ," ಎಂದ. ನಾನು ಕೆರೆದೆ. ನನ್ನದೇ ಮುಖ. ಬಲಗೆನ್ನೆಯ ಮೂಳೆಯ ಕೆಳಗೆ ಚರ್ಮ ಒಳಗೆ ಹೋಗಿತ್ತು, ಅಲ್ಲಿ ಮಾತ್ರ ಬಹಳ ಹುಷಾರಾಗಿ ಕತ್ತಿ ಆಡಿಸಬೇಕಾಗುತ್ತಿತ್ತು.

ಆಷಾಢದ ಒಂದು ಮಧ್ಯಾಹ್ನ ರಕ್ತ ಕಾರಿಕೊಂಡ. ಆಸ್ಪತ್ರೆಗೆ ಒಯ್ಯುವ ಮೊದಲೇ, ಹೊನ್ನಮ್ಮನ ಮಡಿಲಲ್ಲಿ ತಲೆಯಿಟ್ಟು ಹೋದ. ಅಂಗಳದಲ್ಲಿ ಜನ ಸೇರಿದರು. ಮಿಠಾಯಿ ಅಂಗಡಿಯವನು ಬಂದು ನನ್ನ ಹೆಗಲು ತಟ್ಟಿ, "ನೀವು ಮಾಡೋದೆಲ್ಲ ಮಾಡಿದ್ರಿ ಹಾಲಪ್ಪನೋರೆ. ನಿಮ್ಮಂಥ ಅಣ್ಣ ಯಾರಿಗೆ ಸಿಗ್ತಾನೆ?" ಎಂದ. ಇನ್ನೊಬ್ಬ ಹೌದೆಂದ. ಅಲ್ಲವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಹೂವಿನ ಹಾರ ತಂದು ಕೈಗೆ ಕೊಟ್ಟರು.

ಎಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಸಂಜೆ ನಾನು ನಡುಮನೆಯಲ್ಲಿ ಅವನ ಹಾಸಿಗೆ ಸುತ್ತುತ್ತಿದ್ದವನು ತಡೆಯಲಾಗದೆ ಅತ್ತೆ. ದೊಡ್ಡ ದನಿಯಲ್ಲೇ ಅತ್ತೆ. ಅವತ್ತು ಇಲ್ಲ ಅಂತ ಹೇಳಿಸಿದೆ, ಅವತ್ತು ಇಲ್ಲ ಅಂತ ಹೇಳಿಸಿದೆ ಎಂದು ಅದನ್ನೇ ಹೇಳಿಕೊಂಡು ಅತ್ತೆ. ಹೊನ್ನಮ್ಮ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಸಮಾಧಾನ ಮಾಡಲು ಬರುತ್ತಾಳೆಂದುಕೊಂಡೆ. ಬರಲಿಲ್ಲ.

"ನೀವು ಬರೀ ಕೈ ಸನ್ನೆ ಮಾಡಿದ್ರಿ," ಎಂದಳು. "ಬಾಗಿಲಿಗೆ ಹೋದೋಳು ನಾನು. ಅವನ ಮುಖ ನೋಡಿ ಇಲ್ಲ ಅಂದೋಳು ನಾನು. ಅವನು ಚಪ್ಪಲಿ ನೋಡಿದ್ದು, ಅವನು ನೋಡಿದ್ದನ್ನ ನಾನು ನೋಡಿದೆ ಅಂತ ಅವನಿಗೆ ಗೊತ್ತಾಗಿದ್ದು, ಎಲ್ಲಾ ಕಂಡೆ. ಮದುವೆಯಾಗಿ ಮೂರು ತಿಂಗಳು ಆಗಿರ್ಲಿಲ್ಲ ನಂಗೆ."

ನಾನು ಅಳು ನಿಲ್ಲಿಸಿ ಅವಳನ್ನೇ ನೋಡಿದೆ. ಅಷ್ಟು ವರ್ಷ ಆ ಬಾಗಿಲನ್ನು ನೆನೆದಾಗಲೆಲ್ಲ ನನಗೆ ಒಳಗೆ ಕೂತ ನಾನು ಕಾಣುತ್ತಿದ್ದೆ, ಹೊರಗೆ ನಿಂತ ಉಜ್ಜಪ್ಪ ಕಾಣುತ್ತಿದ್ದ. ನಡುವೆ, ಹೊಸ್ತಿಲ ಮೇಲೆ ಒಬ್ಬಳು ನಿಂತಿದ್ದಳೆಂಬುದು ಒಂದು ಸಲವೂ ನೆನಪಿಗೆ ಬಂದಿರಲಿಲ್ಲ.

"ನೀನು ಯಾವತ್ತೂ ಹೇಳ್ಲಿಲ್ಲ," ಎಂದೆ.

"ನೀವು ಯಾವತ್ತೂ ಕೇಳ್ಲಿಲ್ಲ," ಎಂದಳು.

ಅವಳು ಕಾಲೆಳೆಯುತ್ತ ಬಂದು, ಅರ್ಧ ಸುತ್ತಿದ್ದ ಹಾಸಿಗೆಯ ಆ ತುದಿಯಲ್ಲಿ ಕೂತಳು. ನಾನು ಈ ತುದಿಯಲ್ಲಿದ್ದೆ. ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು, ಒಳಗೆ ಕತ್ತಲಾಗುತ್ತಿತ್ತು. ನಮ್ಮಿಬ್ಬರಲ್ಲಿ ಯಾರೂ ಎದ್ದು ದೀಪ ಹಚ್ಚಲಿಲ್ಲ.